ಸಂಜೆ ಆರರಿಂದ ಏಳು: ಇವರಿಗೆ ಒಲೆ, ನನಗೆ ಪಿಯಾನೋ

ಸಂಜೆ ಆರು ಗಂಟೆಗೆ ಕುಕ್ಕರಿಗೆ ಬೇಳೆ ಹಾಕುವುದು ನನ್ನ ಕೈಗೆ 38 ವರ್ಷದ ಅಭ್ಯಾಸ. ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ ಮುಗಿಸಿ, ಬಸ್ಸಿನಲ್ಲಿ ಮನೆಗೆ ಬಂದು, ಮುಖ ತೊಳೆದು ದೀಪ ಹಚ್ಚಿ ಒಲೆಯ ಮುಂದೆ ನಿಲ್ಲುತ್ತಿದ್ದೆ. ನಿವೃತ್ತಿಯಾದ ಮೇಲೂ ಗಡಿಯಾರದ ಮುಳ್ಳು ಅಲ್ಲಿಗೆ ಬಂದರೆ ಕಾಲು ತಾನಾಗಿಯೇ ಅಡುಗೆಮನೆಯತ್ತ ನಡೆಯುತ್ತಿತ್ತು. ಈಗ ಆ ಹೊತ್ತಿಗೆ ನಾನು ನಡುಮನೆಯ ಕಿಟಕಿಯ ಪಕ್ಕದಲ್ಲಿ 61 ಕೀಗಳ ಒಂದು ಕೀಬೋರ್ಡಿನ ಮುಂದೆ ಕೂರುತ್ತೇನೆ. ಒಲೆಯ ಮುಂದೆ ನಮ್ಮ ಯಜಮಾನರು ನಿಲ್ಲುತ್ತಾರೆ. ನನಗೆ 62, ಅವರಿಗೆ 66. ಇಬ್ಬರ ಗುರುಗಳೂ ಮೊಬೈಲಿನೊಳಗೆ ಇದ್ದಾರೆ. ಪಾಠಕ್ಕೆಂದು ಇದುವರೆಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಒಂದೂವರೆ ವರ್ಷದಿಂದ ನಡೆದು ಬಂದಿರುವ ಈ ಏರ್ಪಾಡಿನಲ್ಲಿ ನಾವು ಎಲ್ಲಿ ಎಡವಿದೆವು, ಯಾವುದು ಕೈಹಿಡಿಯಿತು ಎಂಬುದನ್ನು ನಮ್ಮ ವಯಸ್ಸಿನವರಿಗೆ ತಿಳಿಸಬೇಕೆನಿಸಿತು.

ಕೀಬೋರ್ಡ್ ಮೊಮ್ಮಗನದು. ಮಗನ ಸಂಸಾರ ಮೈಸೂರಿನಿಂದ ಪುಣೆಗೆ ಹೋದಾಗ ಸಾಮಾನಿನ ಲಾರಿಯಲ್ಲಿ ಜಾಗ ಸಾಲದೆ ನಮ್ಮಲ್ಲೇ ಉಳಿಯಿತು. ದೀಪಾವಳಿಗೆ ಮನೆಯ ಧೂಳು ಹೊಡೆಯುವಾಗ ಅದರ ಹೊದಿಕೆ ತೆಗೆದೆ. ಸುಮ್ಮನೆ ಪ್ಲಗ್ ಹಾಕಿ ಒಂದು ಬಿಳಿ ಕೀ ಒತ್ತಿದೆ, ಅದರ ಬಲಕ್ಕೆ ಇನ್ನೊಂದು, ಮತ್ತೊಂದು. ಚಿಕ್ಕವಳಿದ್ದಾಗ ಎರಡು ವರ್ಷ ಸಂಗೀತ ಕಲಿತಿದ್ದೆ. ಸರಳೆ, ಜಂಟಿ, ನಾಲ್ಕೈದು ಗೀತೆ, ಕೆಲವು ನೊಟ್ಟುಸ್ವರಗಳ ತನಕ ಬರುವಷ್ಟರಲ್ಲಿ ಅಪ್ಪನಿಗೆ ವರ್ಗವಾಯಿತು, ಪಾಠ ನಿಂತಿತು. ಐವತ್ತು ವರ್ಷ ಮುಚ್ಚಿಟ್ಟಿದ್ದ ಸ್ವರಗಳು ಆ ಮಧ್ಯಾಹ್ನ ಬೆರಳಿನ ತುದಿಗೆ ಬಂದು ನಿಂತವು. ಧೂಳಿನ ಬಟ್ಟೆ ಕೈಯಲ್ಲಿ ಹಿಡಿದೇ ಅರ್ಧ ಗಂಟೆ ನಿಂತಿದ್ದೆ.

ಮೈಸೂರಿನವರಿಗೆ ಪಿಯಾನೋ ದೂರದ ವಾದ್ಯವೇನಲ್ಲ. ಜಯಚಾಮರಾಜ ಒಡೆಯರು ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತು ಲಂಡನ್ನಿನ ಸಂಗೀತ ಸಂಸ್ಥೆಗಳ ಮನ್ನಣೆ ಪಡೆದವರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದವರೂ ಅವರೇ; ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. ಹಾಗಿದ್ದರೂ ನಮ್ಮ ಬಡಾವಣೆಯಲ್ಲಿ ಅರವತ್ತು ದಾಟಿದವಳಿಗೆ ಕಲಿಸುವವರನ್ನು ಹುಡುಕಿದರೆ ಸಿಗಲಿಲ್ಲ. ವಿಚಾರಿಸಿದ ಒಂದು ಕಡೆ ಮಕ್ಕಳ ತರಗತಿ ಮಾತ್ರ ಇದೆ ಎಂದರು. ಆದ್ದರಿಂದ ಮೊಬೈಲಿಗೆ ಕೈ ಹಾಕಿದೆ.

ಮೊದಲು ಹುಡುಕಿದ್ದು ‘ಕೀಬೋರ್ಡ್ ಕಲಿಯುವುದು ಹೇಗೆ’ ಎಂದು. ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಮಾಡುವ ಪಾಠಗಳು ಸಾಲುಸಾಲಾಗಿ ಬಂದವು. ‘ಪಿಯಾನೋ ಪಾಠ’ ಎಂದು ಬದಲಿಸಿದ ಮೇಲೆ ಬೇಕಾದದ್ದು ಕಾಣಿಸಿತು, ಅದೂ ಬೇಕಾದುದಕ್ಕಿಂತ ನೂರು ಪಾಲು ಹೆಚ್ಚು. ಉಚಿತ ಪಾಠಗಳ ಲೋಕದಲ್ಲಿ ಸಿಗದೆ ಹೋಗುವ ಭಯ ಇಲ್ಲ. ಒಂದನ್ನು ಆರಿಸಿಕೊಂಡು ಅದರಲ್ಲೇ ನಿಲ್ಲುವುದು ಹೇಗೆ ಎಂಬುದು ಅಲ್ಲಿನ ಕಷ್ಟ. ನಾನು ಮೊದಲ ಮೂರು ವಾರಗಳನ್ನು ಬಣ್ಣದ ಪಟ್ಟಿಗಳು ಮೇಲಿನಿಂದ ಕೀಗಳ ಮೇಲೆ ಇಳಿದು ಬರುವ ವಿಡಿಯೋಗಳಿಗೆ ಕೊಟ್ಟೆ. ಪಟ್ಟಿ ಎಲ್ಲಿ ಬೀಳುತ್ತದೆಯೋ ಅಲ್ಲಿ ಒತ್ತುವುದು. ಎರಡು ಹಾಡು ನುಡಿಸಿಯೂ ನುಡಿಸಿದೆ. ಮೊಬೈಲನ್ನು ಮುಚ್ಚಿಟ್ಟು ಕುಳಿತ ದಿನ ಒಂದು ಸಾಲೂ ಬರಲಿಲ್ಲ. ಕಣ್ಣು ಬೆಳಕನ್ನು ಹಿಂಬಾಲಿಸಿತ್ತು, ಬೆರಳಿಗೆ ದಾರಿ ಗೊತ್ತಾಗಿರಲಿಲ್ಲ.

ಅಲ್ಲಿಂದ ಮುಂದೆ ಯಾವ ಪಾಠವನ್ನು ತೆರೆದರೂ ನಾನು ನೋಡುತ್ತಿದ್ದುದು ಒಂದೇ: ಈ ಗುರುಗಳು ಯಾವ ಬೆರಳು ಎಂದು ಹೇಳುತ್ತಾರೆಯೇ? ಪಿಯಾನೋದಲ್ಲಿ ಎರಡೂ ಕೈಯ ಹೆಬ್ಬೆರಳು ಒಂದು, ಕಿರುಬೆರಳು ಐದು. ಸ ರಿ ಗ ಮ ಪ ದ ನಿ ಸ ಎಂದು ಬಲಗೈಯಲ್ಲಿ ಏರಬೇಕಾದರೆ ಎಂಟು ಸ್ವರಕ್ಕೆ ಐದೇ ಬೆರಳು. ಸ, ರಿ, ಗ ಮೂರಕ್ಕೆ ಒಂದು, ಎರಡು, ಮೂರು. ಮಧ್ಯಮ ಬಂದಾಗ ಹೆಬ್ಬೆರಳು ನಡುಬೆರಳಿನ ಕೆಳಗೆ ನುಸುಳಿ ಮತ್ತೆ ಒಂದರಿಂದ ಶುರು. ಆ ನುಸುಳುವಿಕೆ ಕೇಳುವವರ ಕಿವಿಗೆ ಗೊತ್ತಾಗಬಾರದು. ನನಗೆ ಅದು ಕೂಡಿ ಬರಲು ಎರಡು ತಿಂಗಳು ಹಿಡಿಯಿತು. ಮಧ್ಯಮದ ಹತ್ತಿರ ಪ್ರತಿ ಸಲವೂ ಒಂದು ಸಣ್ಣ ಉಬ್ಬು. ಡಾಂಬರು ರಸ್ತೆಯಲ್ಲಿ ಬಸ್ಸು ಕುಲುಕಿದಂತೆ.

ಹೀಗೆ ಬೆರಳನ್ನು ಹೇಳಿಕೊಡುವವರನ್ನು ಹುಡುಕುತ್ತಾ ಸಿಕ್ಕಿದ್ದು ಅಮೆರಿಕದ ಜೋಸೆಫ್ ಹಾಫ್‌ಮನ್ ಅವರ ಪಾಠಮಾಲೆ. ಮಕ್ಕಳಿಗೆಂದು ಮಾಡಿದ್ದು, ವಿಡಿಯೋಗಳು ಉಚಿತ. ಡೊ, ರೆ, ಮಿ ಎಂದು ಮೊದಲು ಬಾಯಲ್ಲಿ ಹಾಡಿಸಿ ಆಮೇಲೆ ಕೈಗೆ ಇಳಿಸುವ ಕ್ರಮ ಅವರದು. ಸ್ವರವನ್ನು ಮೊದಲು ಬಾಯಲ್ಲಿ ಕೂರಿಸುವ ನಮ್ಮ ಪಾಠದ ಪದ್ಧತಿಯಲ್ಲಿ ಬೆಳೆದ ನನಗೆ ಅದು ತವರಿನ ದಾರಿಯಂತೆ ಕಂಡಿತು. ಮಕ್ಕಳ ಪಾಠ ಎಂದು ದೊಡ್ಡವರು ದಾಟಿ ಹೋಗಬಾರದು ಎಂದೇ ನಾನು ಹೇಳುತ್ತೇನೆ. ಅವರ ಇಂಗ್ಲಿಷ್ ಉಚ್ಚಾರಣೆ ವೇಗ ಎನಿಸಿದರೆ ಯೂಟ್ಯೂಬಿನ ಸೆಟ್ಟಿಂಗಿನಲ್ಲಿ ವೇಗವನ್ನು 0.75ಕ್ಕೆ ಇಳಿಸುತ್ತೇನೆ, ಮಾತು ನಿಧಾನವಾಗುತ್ತದೆ, ಶ್ರುತಿ ಮಾತ್ರ ಅಲ್ಲಾಡುವುದಿಲ್ಲ. ಪರದೆಯ ಎಡಭಾಗವನ್ನು ಎರಡು ಸಲ ತಟ್ಟಿದರೆ ಹತ್ತು ಸೆಕೆಂಡು ಹಿಂದೆ ಹೋಗುತ್ತದೆ. ಈ ಎರಡನ್ನು ತಿಳಿದುಕೊಂಡ ದಿನ ನನ್ನ ಅರ್ಧ ಹೆದರಿಕೆ ಹೋಯಿತು. ಎದುರಿನ ಗುರುಗಳನ್ನು ಇಪ್ಪತ್ತು ಸಲ ‘ಇನ್ನೊಮ್ಮೆ’ ಎಂದು ಕೇಳಲು ನನಗೆ ಸಂಕೋಚವಾಗುತ್ತಿತ್ತು.

ಪುಸ್ತಕವೂ ಉಚಿತವಾಗಿಯೇ ಸಿಕ್ಕಿತು. ಫರ್ಡಿನಾಂಡ್ ಬೇಯರ್ ಎಂಬ ಜರ್ಮನ್ ಸಂಗೀತಗಾರ ಹೊಸಬರಿಗಾಗಿ ಬರೆದ ಓಪಸ್ 101 ಎಂಬ ಅಭ್ಯಾಸ ಪುಸ್ತಕವಿದೆ. ಅವರು ತೀರಿಕೊಂಡದ್ದು 1863ರಲ್ಲಿ, ಹಾಗಾಗಿ ಹಕ್ಕುಸ್ವಾಮ್ಯದ ತೊಡಕು ಇಲ್ಲ. ನಮ್ಮ ದೇಶದ ಕಾನೂನಿನಲ್ಲಿ ಕರ್ತೃ ತೀರಿಕೊಂಡ 60 ವರ್ಷದ ನಂತರ ಕೃತಿ ಎಲ್ಲರ ಸ್ವತ್ತು. 2006ರಲ್ಲಿ ಆರಂಭವಾದ ಐಎಂಎಸ್‌ಎಲ್‌ಪಿ ಎಂಬ ತಾಣದಲ್ಲಿ ಇಂಥ ಹಳೆಯ ಸ್ವರಲಿಪಿಗಳು ರಾಶಿರಾಶಿಯಾಗಿವೆ. ಹಣ ಕೊಡದೆ ಇಳಿಸಿಕೊಳ್ಳುವವರನ್ನು ಕೆಲವು ಸೆಕೆಂಡು ಕಾಯಿಸುತ್ತದೆ, ಅಷ್ಟೇ. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಮೊದಮೊದಲ ಅಭ್ಯಾಸಗಳಲ್ಲಿ ಎರಡೂ ಕೈಗೆ ಒಂದೇ ಬಗೆಯ ಸ್ವರರೇಖೆ, ಎಡಗೈಯ ಬೇರೆ ಲಿಪಿ ತಡವಾಗಿ ಬರುತ್ತದೆ. ಹೊಸಬರ ಕಣ್ಣಿಗೆ ಇದು ದೊಡ್ಡ ಉಪಕಾರ.

ಕಣ್ಣಿನ ಮಾತು ಬಂದದ್ದರಿಂದ ಹೇಳುತ್ತೇನೆ. ಓದುವ ಕನ್ನಡಕ ಕೈಯಲ್ಲಿ ಹಿಡಿದ ಪುಸ್ತಕದ ದೂರಕ್ಕೆ ಮಾಡಿದ್ದು. ಪಿಯಾನೋದ ಪುಸ್ತಕ ಅದಕ್ಕಿಂತ ಒಂದು ಗೇಣು ಆಚೆ ನಿಲ್ಲುತ್ತದೆ. ನಾನು ಎರಡು ತಿಂಗಳು ಕತ್ತು ಮುಂದೆ ಚಾಚಿ ಕೂತು ಭುಜನೋವು ಬರಿಸಿಕೊಂಡೆ. ಕೊನೆಗೆ ಸ್ವರದ ಪುಸ್ತಕ ನಿಲ್ಲುವ ದೂರವನ್ನು ಟೇಪಿನಲ್ಲಿ ಅಳೆದು, ಕನ್ನಡಕದವರಿಗೆ 65 ಸೆಂಟಿಮೀಟರ್ ಎಂದು ಹೇಳಿ, ಅದಕ್ಕೇ ಒಂದು ಕನ್ನಡಕ ಮಾಡಿಸಿದೆ. ಕಲಿಕೆಯಲ್ಲಿ ನಾನು ಮಾಡಿದ ದೊಡ್ಡ ಖರ್ಚು ಅದು, ಅತ್ಯಂತ ಸಾರ್ಥಕವಾದದ್ದೂ ಅದೇ.

ಇಷ್ಟೆಲ್ಲ ಸಿದ್ಧವಾದರೂ ಹೊತ್ತು ಎಲ್ಲಿಂದ ತರುವುದು? ಬೆಳಿಗ್ಗೆ ಬೆರಳಿನ ಗೆಣ್ಣುಗಳು ಬಿಗಿದುಕೊಂಡಿರುತ್ತವೆ. ಮಧ್ಯಾಹ್ನ ಅಕ್ಕಪಕ್ಕದ ಮನೆಯವರು ಮಲಗುತ್ತಾರೆ. ಕೈ ಸಡಿಲವಾಗಿ, ಮನಸ್ಸು ಹಗುರಾಗಿ ಇರುವುದು ಸಂಜೆಯೇ. ಸಂಜೆ ಎಂದರೆ ಅಡುಗೆ. ಒಂದು ದಿನ ನಾನು ಎರಡು ಸಾಲು ನುಡಿಸಿ ಎದ್ದಾಗ ಇವರು, “ಎದ್ದೆ ಏಕೆ? ಚೆನ್ನಾಗಿ ಬರುತ್ತಿತ್ತಲ್ಲ” ಎಂದರು. “ಸಾರಿಗೆ ಇಡಬೇಕಲ್ಲ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರು ನಾನು ಮಾಡುತ್ತೇನೆ, ನೀನು ಕೂತಿರು” ಎಂದರು. ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ನೋಡಿದವರು. ಕಾಫಿ ಬಿಟ್ಟರೆ ಬೇರೆ ಏನನ್ನೂ ಒಲೆಯ ಮೇಲೆ ಇಟ್ಟವರಲ್ಲ.

ನಾನು ಪಕ್ಕದಲ್ಲಿ ನಿಂತು ಹೇಳಿಕೊಟ್ಟೆ. ಬೇಳೆ ಬೆಂದಿತು, ಹುಣಸೆಹಣ್ಣಿನ ರಸ ಕುದಿಯಿತು. “ಉಪ್ಪು ಎಷ್ಟು?” ಎಂದರು. “ನೋಡಿಕೊಂಡು ಹಾಕಿ” ಎಂದೆ. “ಏನನ್ನು ನೋಡಿಕೊಳ್ಳಲಿ?” ಎಂದು ಕೇಳಿದರು.

ನನ್ನಲ್ಲಿ ಉತ್ತರ ಇರಲಿಲ್ಲ. ಅಳತೆಯ ಜಾಡಿಯಲ್ಲಿ ನೀರಿನ ಮಟ್ಟವನ್ನು ಕಣ್ಣಿನ ನೇರಕ್ಕೆ ಹಿಡಿದು ಓದಿ ಎಂದು ಸಾವಿರಾರು ಮಕ್ಕಳಿಗೆ ಕಲಿಸಿದವಳು ನಾನು; ನನ್ನ ಸಾರಿನ ಉಪ್ಪು ಎಷ್ಟು ಎಂಬುದು ನನಗೆ ತಿಳಿದಿರಲಿಲ್ಲ. ಇವರು ಒಂದು ಒಣ ತಟ್ಟೆ ತಂದು ಪಾತ್ರೆಯ ಪಕ್ಕಕ್ಕಿಟ್ಟರು. “ಪಾತ್ರೆಗೆ ಹಾಕುವ ಹಾಗೆಯೇ ಇದಕ್ಕೆ ಹಾಕು” ಎಂದರು. ಡಬ್ಬಿಯೊಳಗೆ ಕೈ ಹಾಕಿ ಎಂದಿನಂತೆ ಹಾಕಿದೆ. ಅದನ್ನು ಟೀ ಚಮಚಕ್ಕೆ ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿದರು: ಒಂದೂಕಾಲು ಚಮಚ. ಮತ್ತೆ ಹಾಕಿಸಿದರು. ಒಂದೂಕಾಲು. ಮೂರನೆಯ ಸಲವೂ ಅಷ್ಟೇ. ನನ್ನ ಕೈಯಲ್ಲಿ ಇಷ್ಟು ವರ್ಷ ಒಂದು ತಕ್ಕಡಿ ಇತ್ತು ಎಂದು ನನಗೆ ಗೊತ್ತಾದದ್ದು ಅಂದು. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು 22 ಗ್ರಾಂ ತೂಗಿತು. ಸಾರಿನ ಪುಡಿ ಎರಡು ಚಮಚ. ಎಲ್ಲವನ್ನೂ ಹಳೆಯ ಬ್ಯಾಂಕ್ ಡೈರಿಯಲ್ಲಿ ಜಮಾ-ಖರ್ಚಿನ ಹಾಗೆ ಗೆರೆ ಎಳೆದು ಬರೆದುಕೊಂಡರು.

ಆದರೆ ನಾನು ಒಳ್ಳೆಯ ಗುರುವಾಗಲಿಲ್ಲ. ಸಾಸಿವೆ ಸೀಯುತ್ತದೆ ಎನಿಸಿದರೆ ಅವರ ಕೈಯಿಂದ ಸೌಟನ್ನೇ ಕಿತ್ತುಕೊಳ್ಳುತ್ತಿದ್ದೆ. ನಾಲ್ಕನೆಯ ದಿನ ಅವರು ಮೆಲ್ಲಗೆ, “ನೀನು ಇಲ್ಲಿ ನಿಂತರೆ ನಾನು ಕಲಿಯುವುದಿಲ್ಲ, ನೀನೂ ಕಲಿಯುವುದಿಲ್ಲ. ಹೋಗಿ ನುಡಿಸು” ಎಂದು ಕಳಿಸಿದರು. ಆಮೇಲೆ ಅವರೂ ಮೊಬೈಲಿನ ಗುರುಗಳನ್ನು ಹುಡುಕಿಕೊಂಡರು.

ಅವರ ಹುಡುಕಾಟ ನನ್ನದಕ್ಕಿಂತ ಕಟ್ಟುನಿಟ್ಟು. ‘ರುಚಿಗೆ ತಕ್ಕಷ್ಟು’, ‘ಸ್ವಲ್ಪ’, ‘ಬೇಕಾದಷ್ಟು’ ಎಂಬ ಮಾತು ಮೂರು ಸಲ ಬಂದರೆ ಆ ವಿಡಿಯೋ ಮುಚ್ಚುತ್ತಿದ್ದರು. ಹೆಬ್ಬಾರ್ಸ್ ಕಿಚನ್ ಅವರಿಗೆ ಹಿಡಿಸಿತು. ಅದರ ವಿಡಿಯೋಗಳಲ್ಲಿ ಬಾಣಲೆಯ ಒಳಗೇ ಕ್ಯಾಮೆರಾದ ಕಣ್ಣು ನೆಟ್ಟಿರುತ್ತದೆ, ಅಳತೆ ಪರದೆಯ ಮೇಲೆ ಬರುತ್ತದೆ, ತಾಣದಲ್ಲಿ ಅದೇ ಪಾಕ ಬರಹದಲ್ಲಿಯೂ ಇರುತ್ತದೆ. ಒಂದು ತೊಡಕು ಮಾತ್ರ ತಡವಾಗಿ ಅರ್ಥವಾಯಿತು: ವಿಡಿಯೋದ ಹೊತ್ತು ಬೇರೆ, ಒಲೆಯ ಹೊತ್ತು ಬೇರೆ. ರವೆ ಹುರಿಯುವುದು ಪರದೆಯಲ್ಲಿ ನಾಲ್ಕು ಸೆಕೆಂಡು. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಐದಾರು ನಿಮಿಷ. ಮೊದಲ ಉಪ್ಪಿಟ್ಟು ಅಂಟಂಟಾಗಿ ಮುದ್ದೆಯಾದದ್ದು ಇದರಿಂದಲೇ. ಅಂದಿನಿಂದ ನೋಡುವುದು ವಿಡಿಯೋ, ಮಾಡುವುದು ಬರಹವನ್ನು ಮುಂದಿಟ್ಟುಕೊಂಡು.

ಕಪ್ಪಿನ ಸಂಗತಿಯೂ ಹೀಗೆಯೇ. ಪಾಕಗಳಲ್ಲಿ ಹೇಳುವ ಕಪ್ ಸಾಮಾನ್ಯವಾಗಿ 240 ಮಿಲಿಲೀಟರ್. ಆಸ್ಟ್ರೇಲಿಯಾದವರ ಕಪ್ 250, ಅವರ ಟೇಬಲ್ ಚಮಚ 20 ಮಿಲಿಲೀಟರ್, ಉಳಿದವರದು 15. ನಮ್ಮ ಮನೆಯ ಕಾಫಿ ಲೋಟ ಇದಾವುದಕ್ಕೂ ಹೊಂದುವುದಿಲ್ಲ. ನನ್ನ ಅತ್ತೆಯವರ ಕಾಲದ ಹಿತ್ತಾಳೆಯ ಪಾವು, ಚಟಾಕುಗಳು ಇನ್ನೂ ಅಕ್ಕಿಡಬ್ಬಿಯಲ್ಲಿ ಇವೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಇವರು ಅಳತೆಯ ಕಪ್ಪಿನಿಂದ ಆ ಪಾವಿಗೆ ನೀರು ತುಂಬಿ, ಎಷ್ಟು ಹಿಡಿಯುತ್ತದೆ ಎಂದು ನೋಡಿ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ. ಅತ್ತೆಯವರು ಬಾಯಲ್ಲಿ ಹೇಳಿಹೋದ ‘ಪಾವು ಅಕ್ಕಿಗೆ ಚಟಾಕು ಬೇಳೆ’ ಎಂಬ ಲೆಕ್ಕ ಹೀಗೆ ಅವರ ಮಗನ ಕೈಗೆ ಬಂತು. ಆ ಪುಟವನ್ನು ನೋಡಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಒಗ್ಗರಣೆ ಅವರಿಗೆ ತಿಂಗಳುಗಟ್ಟಲೆ ಸವಾಲಾಗಿತ್ತು. ಸಾಸಿವೆ ಸಿಡಿಯುವ ಮೊದಲೇ ಇಂಗು, ಕರಿಬೇವು ಹಾಕಿಬಿಡುತ್ತಿದ್ದರು. ಸಾರಿನಲ್ಲಿ ಸಾಸಿವೆ ಹಸಿಯಾಗಿ ಕಹಿ ಬರುತ್ತಿತ್ತು. ಯಾವುದೋ ಪಾಠದಲ್ಲಿ ಒಂದೇ ಒಂದು ಕಾಳನ್ನು ಮೊದಲು ಹಾಕಿ ನೋಡುವುದನ್ನು ಕಲಿತರು. ಆ ಒಂಟಿ ಕಾಳು ಎಣ್ಣೆಯ ತಳದಲ್ಲಿ ಸುಮ್ಮನೆ ಕೂತಿದ್ದರೆ ಕಾಯಬೇಕು. ಸುತ್ತ ಸಣ್ಣ ಗುಳ್ಳೆ ಎದ್ದು, ಒಂದು ಸಲ ನಡುಗಿ, ಟಪ್ ಎಂದು ಮೇಲಕ್ಕೆ ಹಾರಿದರೆ ಉಳಿದವನ್ನು ಹಾಕಬಹುದು. ನಾನು ನಡುಮನೆಯಲ್ಲಿ ಕೂತೇ ಆ ಒಂದು ಟಪ್ ಸದ್ದಿಗೆ ಕಿವಿಗೊಡುತ್ತೇನೆ.

ಅವರ ಕಿವಿಯೂ ನನ್ನ ಕಡೆಗೆ ಇರುತ್ತದೆ. ಪರದೆಯ ಗುರುಗಳಿಗೆ ನಮ್ಮ ತಪ್ಪು ಕೇಳಿಸುವುದಿಲ್ಲ. ಆನ್‌ಲೈನ್ ಪಾಠದ ಕೊರತೆ ಎಂದು ನಾನು ಹೇಳುವುದಾದರೆ ಇದೊಂದನ್ನೇ. ಸಾರಿನ ತಪ್ಪನ್ನು ನನ್ನ ನಾಲಿಗೆ ಹೇಳುತ್ತದೆ. ನನ್ನ ತಾಳದ ತಪ್ಪನ್ನು ಅಡುಗೆಮನೆಯಿಂದ ಇವರು ಹೇಳುತ್ತಾರೆ. ಸಂಗೀತ ಕಲಿತವರಲ್ಲ, ಆದರೂ ಒಂದು ಎರಡು ಮೂರು ನಾಲ್ಕು ಎಂಬ ಎಣಿಕೆ ಓಡಿದರೆ, ನಿಂತರೆ ಅವರಿಗೆ ಗೊತ್ತಾಗುತ್ತದೆ. ಕುಕ್ಕರಿನ ಮೂರು ಕೂಗು ಎಣಿಸುವವರು ನನ್ನ ನಾಲ್ಕು ಎಣಿಕೆಯನ್ನೂ ಎಣಿಸುತ್ತಾರೆ. ಭಾನುವಾರ ಒಂದು ತುಣುಕನ್ನು ಮೊಬೈಲಿನಲ್ಲಿ ಮುದ್ರಿಸಿ ಪುಣೆಗೆ ಕಳಿಸುತ್ತೇನೆ. “ಅಜ್ಜೀ, ಎಡಗೈ ಬಲಗೈಗಿಂತ ಮುಂದೆ ಹೋಗುತ್ತಿದೆ” ಎಂದು 11 ವರ್ಷದ ಮೊಮ್ಮಗ ತಿದ್ದುತ್ತಾನೆ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಏಳು ದಿನ ಉಚಿತ ಎಂದ ಒಂದು ಪಿಯಾನೋ ಆ್ಯಪ್ ಮೊದಲ ಪಾಠಕ್ಕೂ ಮುಂಚೆ ಕಾರ್ಡಿನ ಸಂಖ್ಯೆ ಕೇಳಿತು. ಕೊಟ್ಟುಬಿಟ್ಟೆ. ಆರನೆಯ ದಿನ, ನಾಳೆ ಇಡೀ ವರ್ಷದ ಶುಲ್ಕ ಕಡಿತವಾಗುತ್ತದೆ ಎಂಬ ಸಂದೇಶ ಬ್ಯಾಂಕಿನಿಂದ ಬಂತು. ತಾನಾಗಿ ಕಡಿತವಾಗುವ ಇಂಥ ಪಾವತಿಗಳಿಗೆ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇವರು ಆ ಸಂದೇಶವನ್ನು ಓದಿ ಕೂಡಲೇ ಅನುಮತಿಯನ್ನು ರದ್ದು ಮಾಡಿಸಿದರು. ಪಾಠಕ್ಕೆ ಮೊದಲು ಕಾರ್ಡ್ ಕೇಳುವುದನ್ನು ಈಗ ನಾವು ಉಚಿತ ಎಂದು ಎಣಿಸುವುದಿಲ್ಲ. ಬ್ಯಾಂಕಿನ ಸಂದೇಶಗಳನ್ನು ಓದದೆ ಅಳಿಸುವ ಅಭ್ಯಾಸವಿರುವವರು ದಯವಿಟ್ಟು ಬಿಡಿ.

ನನಗೆ ಅತ್ಯಂತ ಸಂತೋಷ ಕೊಟ್ಟ ದಿನದ ಬಗ್ಗೆ ಇನ್ನೂ ಹೇಳಿಲ್ಲ. ಏಳೆಂಟು ತಿಂಗಳಾಗಿತ್ತು. ಬೇಥೋವನ್ನನ ಒಂಬತ್ತನೆಯ ಸಿಂಫನಿಯ ಹೆಸರಾದ ರಾಗ ನುಡಿಸುತ್ತಿದ್ದೆ. ನಮ್ಮ ಸ್ವರದಲ್ಲಿ ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ, ಗ ರಿ ರಿ. ಈ ಸಾಲಿಗೆ ಕೈ ಕದಲಿಸಬೇಕಿಲ್ಲ, ಐದು ಬೆರಳು ಸಾಕು. ಮುಂಚೆ ಕೀರ್ತನೆಗಳನ್ನು ನುಡಿಸಲು ನೋಡಿ ಬೇಸರಪಟ್ಟಿದ್ದೆ. ತೋಡಿ ರಾಗದ ಗಾಂಧಾರ ಕೀ ಒತ್ತಿದರೆ ಬರುವುದಿಲ್ಲ, ಅದು ಓಲಾಡಬೇಕು; ಆ ಓಲಾಟವೇ ಗಮಕ. ಕೀ ಒಂದು ಕಡೆ ನಿಂತುಬಿಡುತ್ತದೆ. ನಾನು ಕಲಿತ ಸಂಗೀತಕ್ಕೂ ಈ ವಾದ್ಯಕ್ಕೂ ಕೂಡಿಬರುವುದಿಲ್ಲ ಎಂದೇ ತೀರ್ಮಾನಿಸಿದ್ದೆ. ಅಂದು ಬೇಥೋವನ್ ಮುಗಿಸಿ ಸುಮ್ಮನೆ ಕೈಯಾಡಿಸುವಾಗ ಬೆರಳು ತಾನಾಗಿ ‘ಶಕ್ತಿ ಸಹಿತ ಗಣಪತಿಂ’ ಹಿಡಿಯಿತು. ಚಿಕ್ಕಂದಿನಲ್ಲಿ ಕಲಿತ ನೊಟ್ಟುಸ್ವರ. ಒಂದೇ ಒಂದು ಕಪ್ಪು ಕೀ ಮುಟ್ಟದೆ, ಗಮಕದ ಕೊರತೆಯೇ ಕಾಣದೆ ಇಡೀ ಹಾಡು ಬಂತು.

ಏಕೆಂದು ಆಮೇಲೆ ಓದಿ ತಿಳಿದೆ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇದ್ದಾಗ ಈಸ್ಟ್ ಇಂಡಿಯಾ ಕಂಪನಿಯವರ ಬ್ಯಾಂಡಿನಲ್ಲಿ ಕೇಳಿದ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಕೂಡಿಸಿದ್ದೇ ಈ ನೊಟ್ಟುಸ್ವರಗಳು. ಇಂಗ್ಲಿಷಿನ ‘ನೋಟ್’ ಎಂಬ ಪದವೇ ಅದರ ಹೆಸರಿನಲ್ಲಿದೆ. ಎಲ್ಲವೂ ಶಂಕರಾಭರಣದಲ್ಲಿ, ಅಂದರೆ ಪಾಶ್ಚಾತ್ಯರ ಮೇಜರ್ ಸ್ಕೇಲಿನಲ್ಲಿ. ಷಡ್ಜವನ್ನು ಸಿ ಎಂಬ ಕೀಯಲ್ಲಿಟ್ಟರೆ ಬರೀ ಬಿಳಿ ಕೀಗಳು. ನಾನು ಒಂಬತ್ತನೆಯ ವಯಸ್ಸಿನಲ್ಲಿ ಚಾಪೆಯ ಮೇಲೆ ಕೂತು ಹಾಡಿದ್ದು ಪಿಯಾನೋಕ್ಕೆ ಸಲ್ಲುವ ಧಾಟಿಯನ್ನೇ ಎಂದು ತಿಳಿದಾಗ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಂದು ಸಾರು ಆರಿಹೋಯಿತು. ಇವರು ಕರೆಯಲಿಲ್ಲ.

ಈಗ ಬೇಯರ್ ಪುಸ್ತಕದ ಅರ್ಧ ದಾಟಿದ್ದೇನೆ. ಜೊತೆಗೆ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಅವರ ಜಿ ಮೇಜರ್ ಮಿನುಯೆಟ್ ಹಿಡಿದಿದ್ದೇನೆ, ಬಹುಕಾಲ ಬಾಖ್‌ರದೆಂದೇ ಎಲ್ಲರೂ ನಂಬಿದ್ದ ಕೃತಿ. ಉಂಗುರದ ಬೆರಳು ಇನ್ನೂ ಹಟ ಮಾಡುತ್ತದೆ. ಅದರ ಸ್ನಾಯುರಜ್ಜು ಪಕ್ಕದ ಬೆರಳುಗಳಿಗೆ ಕೂಡಿಕೊಂಡಿರುವುದರಿಂದ ಒಂಟಿಯಾಗಿ ಏಳುವುದು ಎಲ್ಲರಿಗೂ ಕಷ್ಟವೇ ಎಂದು ವಿಜ್ಞಾನದ ಟೀಚರಾಗಿ ನನಗೆ ಗೊತ್ತು. ಆದರೂ ದಿನಾ ಹತ್ತು ನಿಮಿಷ ಅದಕ್ಕೇ ಮೀಸಲು. ಇವರು ಸಾರು, ಹುಳಿ, ಪಲ್ಯ, ಉಪ್ಪಿಟ್ಟು, ಚಿತ್ರಾನ್ನ ದಾಟಿ ಬಿಸಿಬೇಳೆ ಭಾತಿಗೆ ಬಂದಿದ್ದಾರೆ. ಒಬ್ಬಟ್ಟಿನ ವಿಡಿಯೋಗಳನ್ನು ಉಗಾದಿಗೆಂದು ಈಗಲೇ ಕೂಡಿಟ್ಟಿದ್ದಾರೆ.

ಮೊನ್ನೆ ಗುರುವಾರ ಮಿನುಯೆಟ್‌ನ ಎರಡನೆಯ ಭಾಗದಲ್ಲಿದ್ದೆ. ಒಂಟಿ ಸಾಸಿವೆಯ ಟಪ್ ಸದ್ದು ಬರಲಿಲ್ಲ, ನೇರವಾಗಿ ಚಟಪಟ ಎಂದಿತು. ನೀರು ಕುಡಿಯಲು ಎದ್ದು ಹೋದೆ. ಡೈರಿ ಮುಚ್ಚಿ ಕಿಟಕಿಯ ಮೇಲಿತ್ತು. ಅಳತೆಯ ಚಮಚಗಳು ಬೆಳಿಗ್ಗೆ ತೊಳೆದು ತೂಗುಹಾಕಿದ ಹಾಗೆಯೇ ಒಣಗಿದ್ದವು. ಇವರು ನನ್ನ ಕಡೆ ನೋಡದೆ ಉಪ್ಪಿನ ಡಬ್ಬಿಗೆ ಕೈ ಹಾಕಿ, ಒಂದು ಕ್ಷಣ ಬೆರಳುಗಳಲ್ಲೇ ತೂಗಿ, ಸಾರಿಗೆ ಹಾಕಿದರು. ನಾನು ನೀರು ಕುಡಿದು, ಏನೂ ಹೇಳದೆ, ನುಡಿಸುತ್ತಿದ್ದ ಸಾಲಿಗೆ ಹಿಂದಿರುಗಿದೆ.